ನರ್ಸಿಂಗ್ ಸೀಟಿಗೆ ಕಾಲೇಜಿನ ಹೆಸರು ಲೆಕ್ಕಕ್ಕೆ ಬರುತ್ತಾ?

(ದೃಶ್ಯ: ಶಿವಮೊಗ್ಗ ಬಸ್ ಸ್ಟ್ಯಾಂಡ್. ಜಡಿಮಳೆ. ನಿರೂಪಕಿ ಕೊಡೆ ಮಡಚುತ್ತಾ ಬರುತ್ತಾಳೆ.)

ನಮಸ್ಕಾರ. ಮೊನ್ನೆ ಹೊಸನಗರದಿಂದ ಒಬ್ಬರು ಅಮ್ಮ ಫೋನ್ ಮಾಡಿದ್ದರು. "ಮಗಳು ಇಲ್ಲೇ ಸರ್ಕಾರಿ ಕಾಲೇಜಲ್ಲಿ ಪಿಯುಸಿ ಮಾಡಿದ್ದು ಮಾರಾಯ್ತಿ. ಹೆಸರಿರೋ ಕಾಲೇಜಲ್ಲ. ನರ್ಸಿಂಗ್ ಸೀಟು ಕೊಡ್ತಾರಾ?"

ಕೊಡ್ತಾರೆ. ಕೆಇಎ, ಅಂದರೆ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ರ‍್ಯಾಂಕ್ ಪಟ್ಟಿಯಲ್ಲಿ ಕಾಲೇಜಿನ ಹೆಸರಿಗೆ ಅಂಕ ಇಲ್ಲ. ಅದರ ಬಿಎಸ್‌ಸಿ ನರ್ಸಿಂಗ್ ಸೀಟಿಗೆ ಸಿಇಟಿ ಬರೆದಿರಬೇಕು. ಸಾಮಾನ್ಯ ವರ್ಗಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಕನಿಷ್ಠ 45 ಪರ್ಸೆಂಟ್ ಬೇಕು, ಇಂಗ್ಲಿಷ್ ಪಾಸಾಗಿರಬೇಕು. ಎಂಎಸ್‌ಸಿ ನರ್ಸಿಂಗ್‌ಗೂ ಹಾಗೇ: ಬಿಎಸ್‌ಸಿ ನರ್ಸಿಂಗ್‌ನಲ್ಲಿ 55 ಪರ್ಸೆಂಟ್, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್, ಆಮೇಲೆ ಒಂದು ವರ್ಷ ಕೆಲಸದ ಅನುಭವ.

ಮತ್ತೆ ಈ ಹೆದರಿಕೆ ಎಲ್ಲಿಂದ ಬಂತು? ಅಮೆರಿಕದ ವಿಡಿಯೋಗಳಿಂದ ಅಂತ ನನಗೆ ಗುಮಾನಿ. ಅಲ್ಲಿ ಬೇರೆ ಡಿಗ್ರಿ ಮುಗಿಸಿದವರು ಒಂದು, ಒಂದೂವರೆ ವರ್ಷದಲ್ಲಿ ನರ್ಸಿಂಗ್ ಡಿಗ್ರಿ ಮಾಡಬಹುದು. ಅದಕ್ಕೇ ಹಳೇ ಯೂನಿವರ್ಸಿಟಿ ಯಾವುದು ಅನ್ನೋ ಚಿಂತೆ. ಅಲ್ಲೂ ಮೊದಲು ನೋಡುವುದು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಅದರಲ್ಲೂ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿಯ ಗ್ರೇಡು. ಕಾಲೇಜಿಗೆ ಮಾನ್ಯತೆ ಇದ್ದರೆ ಸಾಕು. ದೊಡ್ಡ ಹೆಸರಿನ ಕಡೆ ಸಿ ತೆಗೆದವರಿಗಿಂತ ಊರಿನ ಸಾಮಾನ್ಯ ಕಮ್ಯುನಿಟಿ ಕಾಲೇಜಿನಲ್ಲಿ ಎ ತೆಗೆದವರೇ ಎಷ್ಟೋ ಕಡೆ ಮುಂದೆ. ನಮ್ಮಲ್ಲಿ ಆ ಶಾರ್ಟ್‌ಕಟ್ಟೇ ಇಲ್ಲ. ಕುವೆಂಪು ವಿವಿಯಲ್ಲಿ ಬಿಎಸ್‌ಸಿ ಮುಗಿಸಿದ್ದರೂ ನರ್ಸಿಂಗ್‌ಗೆ ಮೊದಲ ವರ್ಷದಿಂದಲೇ ಕೂರಬೇಕು.

ಹೆಸರು ನೋಡಲೇಬೇಕು ಅಂದರೆ ಓದಿ ಬಂದ ಕಾಲೇಜಿನದ್ದಲ್ಲ, ಸೇರುವ ಕಾಲೇಜಿನ ಆಸ್ಪತ್ರೆಯದ್ದು ನೋಡಿ.

(ದೃಶ್ಯ: ಖಾಲಿ ವಾರ್ಡು. ಸುತ್ತಿಟ್ಟ ಹಾಸಿಗೆಗಳು.)

ಬಿಎಸ್‌ಸಿ ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಸಿಗಬೇಕು ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುತ್ತದೆ. ಕಾಗದದಲ್ಲಿ ಎಲ್ಲರ ಹತ್ತಿರವೂ ಇರುತ್ತದೆ ಬಿಡಿ.

ನನ್ನ ಚಿಕ್ಕಪ್ಪನ ಮಗಳ ಜೊತೆ ಒಂದು ಕಾಲೇಜು ನೋಡಲು ಹೋಗಿದ್ದೆ. ಹೊಳೆಯುವ ಬ್ರೋಷರ್, ಗೇಟಿನಲ್ಲಿ ಸೆಕ್ಯುರಿಟಿ, ಆಫೀಸಿನಲ್ಲಿ ಏಸಿ. ಆಸ್ಪತ್ರೆ ತೋರಿಸಿ ಅಂದೆವು. ಎರಡನೇ ಮಹಡಿ ವಾರ್ಡಿನಲ್ಲಿ ಸಾಲಾಗಿ ಕಬ್ಬಿಣದ ಮಂಚ, ಹಾಸಿಗೆ ಸುತ್ತಿ ಮೂಲೆಗಿಟ್ಟಿದ್ದರು. ಕಿಟಕಿ ಹತ್ತಿರ ಒಬ್ಬರೇ ಅಜ್ಜಿ. ಕೇಸ್ ಶೀಟು ಹಿಡಿದ ಐದು ಹುಡುಗಿಯರು ಅವರ ಸುತ್ತ. ಬಿಪಿ ನೋಡಿಸಿಕೊಂಡು ಅಜ್ಜಿಗೂ ಸಾಕಾಗಿತ್ತು, ಪಾಪ. ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಕಡೆ ಹೋದವರಿಗೆ ರೋಗಿಗಳ ರಶ್ ಅಂದರೆ ಏನು ಅಂತ ಗೊತ್ತಿರುತ್ತದೆ.

ಕಾಲೇಜು ನೋಡಲು ನೀವೂ ಬೆಳಿಗ್ಗೆಯೇ ಹೋಗಿ. ಆಫೀಸಿನವರನ್ನು ಬಿಟ್ಟು ಯೂನಿಫಾರ್ಮಿನ ಹುಡುಗಿಯರನ್ನು ಮಾತಾಡಿಸಿ. ನನ್ನ ತಂಗಿ ಅದನ್ನೇ ಮಾಡಿದಳು: "ಈ ತಿಂಗಳು ಎಷ್ಟು ಹೆರಿಗೆ ನೋಡಿದ್ರಿ ಅಕ್ಕಾ?"

ಅವರು ಮುಖ ಮುಖ ನೋಡಿಕೊಂಡು ನಕ್ಕರು. "ಗೊಂಬೆದು ಲೆಕ್ಕಕ್ಕೆ ಬರುತ್ತಾ?"

ಅಪ್ಲಿಕೇಶನ್ ಫಾರಂ ಇವಳ ಕೈಯಲ್ಲೇ ಇತ್ತು. ಮಡಚಿ ಬ್ಯಾಗಿಗೆ ಹಾಕಿದಳು. ನಾವು ತೀರ್ಥಹಳ್ಳಿ ಬಸ್ಸು ಹತ್ತಿದೆವು.