ಹಳೇ ಎಂಜಿನ್ನಿಗೂ ಗಾಳಿ ಆಡ್ಲಿ

ಎಲ್ಲರಿಗೂ ನಮಸ್ಕಾರ. ಅಜ್ಜನ ಕಾಲದ ಕಾರು ಇಟ್ಕೊಂಡು ಭಾನುವಾರ ಬಾನೆಟ್ ಎತ್ತಿ ನೋಡೋರು ಯಾರ್ಯಾರು ಕೇಳ್ತಿದೀರೋ, ಇವತ್ತಿನ ಮಾತು ನಿಮಗೇ. ಹೇಳೋದು ಒಂದೇ ವಿಷ್ಯ: ಎಂಜಿನ್ನಿನ ಕ್ರ್ಯಾಂಕ್‌ಕೇಸ್, ಅಂದ್ರೆ ಪಿಸ್ಟನ್ ಕೆಳಗೆ ಆಯಿಲ್ ಇರೋ ಗೂಡು, ಅದರೊಳಗೆ ಗಾಳಿ ಆಡ್ಬೇಕು, ಗಾಡಿ ನಿಂತು ಎಂಜಿನ್ ಓಡ್ತಿದ್ದಾಗ್ಲೂ ಆಡ್ಬೇಕು.

ಪಿಸ್ಟನ್ ರಿಂಗ್ ಎಷ್ಟೇ ಹೊಸದಿರ್ಲಿ, ಉರಿದ ಗ್ಯಾಸು ಸ್ವಲ್ಪ ಅದರ ಪಕ್ಕದಿಂದ ಈ ಗೂಡಿಗೆ ಇಳಿದೇ ಇಳಿಯುತ್ತೆ, ಜೊತೆಗೆ ನೀರಿನ ಆವಿ, ಸುಡದ ಪೆಟ್ರೋಲು. 1950ರ ದಶಕದ ಗಾಡೀಲಿ ಇದು ಹೊರಗೆ ಹೋಗೋಕೆ ಇದ್ದಿದ್ದು ರಸ್ತೆ ಕಡೆ ಇಳಿಬಿಟ್ಟ ಒಂದು ಬ್ರೀದರ್ ಪೈಪು. ಗಾಡಿ ಓಡಿದ್ರೆ ಗಾಳಿ ಅದನ್ನ ಎಳೆಯುತ್ತೆ, ನಿಂತ್ರೆ ಎಳೆಯೋರಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಆ ಪೈಪು ಇದ್ರೂ ಒಂದೇ, ಇಲ್ದಿದ್ರೂ ಒಂದೇ.

ನಂಗೆ ಗೊತ್ತಿರೋ ಹಿರಿಯರೊಬ್ರ ಹತ್ರ 1953ರ ಶೆವರ್ಲೆ ಇದೆ, ಆರು ಸಿಲಿಂಡರು, 235 ಕ್ಯುಬಿಕ್ ಇಂಚು, ಅಂದ್ರೆ ಹತ್ತಿರತ್ತಿರ 3.9 ಲೀಟರ್. ಅವರಿಗೆ ಗಾಡಿ ಅಂದ್ರೆ ಪ್ರಾಣ. ಆದ್ರೆ ಎಂಜಿನ್ ಹಿಂದುಗಡೆಯಿಂದ ಆಯಿಲ್ ಸೋರೋದು, ಸಿಗ್ನಲ್ಲಲ್ಲಿ ನಿಂತ್ರೆ ಒಳಗೆಲ್ಲ ವಾಸ್ನೆ, ಅವರ ಮನೆಯವರು ಸೆರಗು ಮೂಗಿಗೆ ಹಿಡ್ಕೊಂಡೇ ಕೂರೋರು. ಒಬ್ಬ ಮೆಕ್ಯಾನಿಕ್ ರಿಂಗ್ ಹೋಗಿದೆ ಅಂದ, ಇನ್ನೊಬ್ಬ ಸೀಲ್ ಅಂದ, ಎಂಜಿನ್ ಇಳಿಸಿ ಸೀಲ್ ಹಾಕಿದ್ದೂ ಆಯ್ತು, ಮತ್ತೆ ಸೋರ್ತು. ನಾನು ಹೋಗಿ ಟ್ಯಾಪೆಟ್ ಕವರ್, ಅಂದ್ರೆ ಎಂಜಿನ್ ಮೇಲಿನ ಮುಚ್ಚಳ, ಬಿಚ್ಚಿಸಿದೆ. ಅದರ ಕೆಳಗೆ ವಾಲ್ವ್ ಒತ್ತೋ ರಾಕರ್ ಆರ್ಮ್ ಮೇಲೆಲ್ಲ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಜಿಡ್ಡು, ಬೆರಳಲ್ಲಿ ಬಳಿದ್ರೆ ಮುದ್ದೆಮುದ್ದೆಯಾಗಿ ಬರ್ತಿತ್ತು, ಆಯಿಲ್ ಜೊತೆ ನೀರು ಸೇರಿ ಆಗಿದ್ದು. ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿದ್ವಿ, ಆರೂ ಸಿಲಿಂಡರ್ ಸರಿಯಿತ್ತು. ರಿಂಗಿಂದಲ್ಲ ಸ್ವಾಮಿ, ಒಳಗೆ ಗಾಳಿ ಆಡ್ತಿಲ್ಲ, ಸೇರಿಕೊಂಡ ಗ್ಯಾಸಿನ ಒತ್ತಡಕ್ಕೇ ಆಯಿಲ್ ಹೊರಗೆ ಬರ್ತಿದೆ!

ಬ್ರೀದರ್ ಪೈಪ್ ತೆಗೆಸಿ, ಆ ತೂತಿಗೊಂದು ಪ್ಲೇಟ್ ಮಾಡ್ಸಿ, ಆಯಿಲ್ ಎಳೆದುಕೊಳ್ಳದ ಹಾಗೆ ಒಳಗೆ ಸ್ಟೀಲ್ ಜಾಲರಿ ಇಟ್ಟು, ಪಿಸಿವಿ ವಾಲ್ವ್, ಅಂದ್ರೆ ಒಳಗಿನ ಗ್ಯಾಸನ್ನ ಅಳತೆಯಲ್ಲಿ ಹೊರಗೆ ಬಿಡೋ ಚಿಕ್ಕ ವಾಲ್ವು, ಕೂರಿಸಿ, ಅಲ್ಲಿಂದ ಹೋಸ್ ಎಳೆದು ಕಾರ್ಬೋರೇಟರ್ ಕೆಳಗೆ ಮ್ಯಾನಿಫೋಲ್ಡಿಗೆ, ಅಂದ್ರೆ ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಹಂಚೋ ಕೊಳವೆಗೆ, ಕೊಟ್ವಿ. ಈಗ ಎಂಜಿನ್ನೇ ಆ ಹೊಗೆ ಎಳ್ಕೊಂಡು ಸುಡುತ್ತೆ, ಐಡ್ಲಿಂಗಲ್ಲೂ ಎಳೆಯುತ್ತೆ. ವಾಸ್ನೆ ಹೋಯ್ತು, ಸೋರೋದೂ ಬಹಳ ಕಮ್ಮಿಯಾಯ್ತು.

ಒರಿಜಿನಾಲಿಟಿ ಹಾಳು ಅಂತ ಮುಖ ಸಿಂಡರಿಸೋರಿಗೆ ಹೇಳ್ತೀನಿ, ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಲ್ಲೇ ಇಂಥ ವಾಲ್ವ್ ಇತ್ತು. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾಡೆಲ್ ಕಾರುಗಳಿಗೇ ಬಂತು. ಹಳೇ ಪೈಪ್ ಜೋಪಾನವಾಗಿ ಎತ್ತಿಡಿ, ಶೋಗೆ ಬೇಕಿದ್ರೆ ವಾಪಸ್ ಹಾಕ್ಬಹುದು.

ಟೈಮ್ ಆಗ್ತಾ ಬಂತು, ಬೇಗ ಹೇಳ್ಬಿಡ್ತೀನಿ. ವಾಲ್ವ್ ನಿಮ್ಮ ಎಂಜಿನ್ ಸೈಜಿಗೆ ಸರಿಹೋಗೋದೇ ತಗೊಳ್ಳಿ, ಸಣ್ಣ ಕಾರಿಂದು ದೊಡ್ಡ ಎಂಜಿನ್ನಿಗೆ ಬೇಡ. ಹೋಸು ಒಂದೇ ಸಿಲಿಂಡರಿನ ದಾರಿಗೆ ಕೊಡ್ಬೇಡಿ, ಎಲ್ಲಕ್ಕೂ ಸಮನಾಗಿ ಹಂಚೋ ಜಾಗದಲ್ಲಿ ಕೊಡಿ. ಆಯಿಲ್ ಹಾಕೋ ಮುಚ್ಚಳದ ಜಾಲರಿ ತೊಳೀರಿ, ಒಳಗೆ ಹೊಸ ಗಾಳಿ ಬರೋದೇ ಅಲ್ಲಿಂದ. ಎಲ್ಲ ಕೂರಿಸಿದ್ಮೇಲೆ ಗಾಳಿ-ಪೆಟ್ರೋಲ್ ಹದ ಮಾಡೋ ಕಾರ್ಬೋರೇಟರ್ ಮಿಕ್ಸ್ಚರ್ ಸ್ಕ್ರೂ ಮತ್ತೆ ಸೆಟ್ ಮಾಡ್ಸಿ. ಪ್ರತಿ ಆಯಿಲ್ ಚೇಂಜಿಗೂ ವಾಲ್ವ್ ಬಿಚ್ಚಿ ಕಿವಿ ಹತ್ರ ಅಲ್ಲಾಡ್ಸಿ, ಟಕ್ ಟಕ್ ಅಂದ್ರೆ ಸರಿ, ಅನ್ನದಿದ್ರೆ ಹೊಸದು ಹಾಕಿ. ನಮಸ್ಕಾರ.