ಟೆರೇಸ್ ಮೇಲಿನ 42 ನಿಮಿಷ

ಕೇಳುಗರೆಲ್ಲರಿಗೂ ನಮಸ್ಕಾರ.

ಜನವರಿ 30 ಅಂದ ಕೂಡಲೇ ನಮಗೆಲ್ಲ ಗಾಂಧೀಜಿ ನೆನಪಾಗುತ್ತಾರೆ. ಬೆಳಿಗ್ಗೆ 11 ಗಂಟೆಗೆ ಎರಡು ನಿಮಿಷ ಮೌನ. ಶಾಲೆಯಲ್ಲಿ ಸಾಲಾಗಿ ನಿಂತು, ಪಕ್ಕದವನಿಗೆ ನಗು ಬಂದರೆ ನನಗೂ ಬಂದುಬಿಡುತ್ತದೋ ಎಂದು ಹೆದರಿಕೊಂಡೇ ಆ ಎರಡು ನಿಮಿಷ ಕಳೆಯುತ್ತಿದ್ದೆ. ಅದೇ ತಾರೀಕಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ ಎಂದು ಗೊತ್ತಾಗಿದ್ದು ತುಂಬಾ ತಡವಾಗಿ. ಅದು ಭಾರೀ ಗದ್ದಲದ ನೆನಪು.

1969ರ ಜನವರಿ 30, ಗುರುವಾರ. ಲಂಡನ್ನಿನ ಸ್ಯಾವಿಲ್ ರೋ. ಶ್ರೀಮಂತರಿಗೆ ಸೂಟು ಹೊಲಿಯುವ ದರ್ಜಿಗಳ ಬೀದಿ ಅದು. ಅಲ್ಲಿ 3ನೇ ನಂಬರಿನ ಕಟ್ಟಡ ಇಂಗ್ಲೆಂಡಿನ ರಾಕ್ ಸಂಗೀತದ ಬೀಟಲ್ಸ್ ತಂಡದ ಆಪಲ್ ಕಂಪನಿಯದು. ನಿಮ್ಮ ಜೇಬಿನ ಫೋನಿನ ಆಪಲ್ ಬೇರೆ. ಅದು ಹುಟ್ಟಿದ್ದು 1976ರಲ್ಲಿ, ಆಮೇಲೆ ಹೆಸರಿನ ವಿಷಯಕ್ಕೆ ಎರಡೂ ಕಂಪನಿಗಳು ವರ್ಷಗಟ್ಟಲೆ ಕೋರ್ಟಿಗೆ ಅಲೆದವು. ಇರಲಿ. ಆ ದಿನ ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ, ಊಟದ ಹೊತ್ತಿನಲ್ಲಿ, ಆ ಕಟ್ಟಡದ ಟೆರೇಸ್ ಮೇಲಿನಿಂದ ಗಿಟಾರ್ ಸದ್ದು ಶುರುವಾಯಿತು. ಮುನ್ಸೂಚನೆ ಇಲ್ಲ, ಪೋಸ್ಟರ್ ಇಲ್ಲ, ಟಿಕೆಟ್ ಇಲ್ಲ.

ಟೆರೇಸೇ ಯಾಕೆ? ಆ ಕಥೆ ಸ್ವಲ್ಪ ತಮಾಷೆಯಾಗಿದೆ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಮೈದಾನವೊಂದರಲ್ಲಿ ಹಾಡಿದ ಮೇಲೆ ಬೀಟಲ್ಸ್ ಊರೂರು ಸುತ್ತುವುದನ್ನು ಬಿಟ್ಟಿದ್ದರು. ಅಭಿಮಾನಿಗಳ ಕಿರುಚಾಟದಲ್ಲಿ ಅವರ ಹಾಡು ಅವರಿಗೇ ಕೇಳುತ್ತಿರಲಿಲ್ಲ. 1969ರ ಜನವರಿಯಲ್ಲಿ ಒಂದು ಯೋಜನೆ ಹಾಕಿದರು. ಹೊಸ ಹಾಡು ಕಟ್ಟುವುದು, ಅದನ್ನೆಲ್ಲ ಸಿನಿಮಾ ತೆಗೆಯುವುದು, ಕೊನೆಗೆ ಜನರ ಮುಂದೆ ಹಾಡುವುದು. ಎಲ್ಲಿ ಹಾಡುವುದು? ಲಿಬಿಯಾದ ಹಳೆಯ ರೋಮನ್ ಬಯಲು ರಂಗಮಂದಿರ ಅಂದರು. ಹಡಗು ಅಂದರು. ಒಬ್ಬರಿಗೆ ಇಷ್ಟವಾದರೆ ಇನ್ನೊಬ್ಬರಿಗೆ ಬೇಡ. ಕೊನೆಗೆ ಅವರು ಹೋಗಿದ್ದು ಎಲ್ಲಿಗೆ? ತಮ್ಮ ಆಫೀಸಿನ ಮೆಟ್ಟಿಲು ಹತ್ತಿ ಮೇಲಕ್ಕೆ!

ಒಳಗೆ ಮನಸ್ಸುಗಳೂ ಸರಿ ಇರಲಿಲ್ಲ. ವರ್ಷದ ಹಿಂದೆಯಷ್ಟೇ, 1968ರ ಫೆಬ್ರವರಿಯಲ್ಲಿ, ಜಾನ್, ಪಾಲ್, ಜಾರ್ಜ್, ರಿಂಗೋ ನಾಲ್ವರೂ ಋಷಿಕೇಶದಲ್ಲಿ ಮಹರ್ಷಿ ಮಹೇಶ ಯೋಗಿಯ ಆಶ್ರಮದಲ್ಲಿ ಧ್ಯಾನ ಮಾಡುತ್ತಿದ್ದರು. ಆ ಶಾಂತಿ ಎಲ್ಲಿ ಹೋಯಿತೋ! 1969ರ ಜನವರಿ 10ರಂದು ಜಾರ್ಜ್ ಹ್ಯಾರಿಸನ್ ತಂಡ ಬಿಟ್ಟು ಎದ್ದು ಹೋಗಿಬಿಟ್ಟ. ಹೇಗೋ ಸಮಾಧಾನ ಮಾಡಿ ಕರೆತಂದರು. ಆಮೇಲೆ ಕೀಬೋರ್ಡ್ ನುಡಿಸುವ ಬಿಲ್ಲಿ ಪ್ರೆಸ್ಟನ್ ಬಂದ. ಹ್ಯಾಂಬರ್ಗ್ ದಿನಗಳಿಂದ ಪರಿಚಯವಿದ್ದ ಅಮೆರಿಕದ ಹುಡುಗ. ಮನೆಗೆ ನೆಂಟರು ಬಂದಾಗ ಗಂಡ ಹೆಂಡತಿ ಜಗಳ ತಾನಾಗಿ ತಣ್ಣಗಾಗುತ್ತದಲ್ಲ, ಹಾಗೆ ಅವನು ಬಂದ ಮೇಲೆ ಎಲ್ಲರ ಮುಖ ತಿಳಿಯಾಯಿತು. ಟೆರೇಸ್ ಮೇಲೂ ಅವನೇ ಐದನೆಯವನು.

ಇನ್ನು ಚಳಿ. ಲಂಡನ್ನಿನ ಜನವರಿ, ಮೇಲೆ ಬೀಸುಗಾಳಿ. ಜಾನ್ ಲೆನನ್ ಮೈಮೇಲೆ ಸಂಗಾತಿ ಯೋಕೋಳ ತುಪ್ಪಳದ ಕೋಟು. ಡ್ರಮ್ಸ್ ಹಿಂದೆ ಕೂತ ರಿಂಗೋ ಸ್ಟಾರ್ ಹೆಂಡತಿಯ ಕೆಂಪು ರೇನ್‌ಕೋಟು ಹಾಕಿಕೊಂಡಿದ್ದ. ಜಗತ್ತಿನ ದೊಡ್ಡ ತಾರೆಗಳು, ಮೈಮೇಲೆ ಮನೆಯ ಹೆಂಗಸರ ಕೋಟು! ಗಾಳಿ ಮೈಕಿಗೆ ಹೊಡೆದು ಗುಯ್ ಅನ್ನುತ್ತದೆ ಎಂದು ತಂತ್ರಜ್ಞರಿಗೆ ಚಿಂತೆ. ಅಲನ್ ಪಾರ್ಸನ್ಸ್ ಎಂಬ ತರುಣನನ್ನು ಅಂಗಡಿಗೆ ಓಡಿಸಿದರು. ಅವನು ಹೆಂಗಸರು ಕಾಲಿಗೆ ಹಾಕುವ ತೆಳು ಸ್ಟಾಕಿಂಗ್ಸ್ ಕೊಂಡು ತಂದ. ಅದನ್ನೇ ಮೈಕುಗಳಿಗೆ ತೊಡಿಸಿದರು. ಮೈಕಿನ ಮುಂದೆಯೇ ಕೂತಿದ್ದೇನಲ್ಲ, ಈ ಉಪಾಯ ನನಗೆ ಬಹಳ ಹಿಡಿಸಿತು. ಮೈಕಿನಿಂದ ಇಳಿದ ವೈರುಗಳು ಸೀದಾ ನೆಲಮಾಳಿಗೆಗೆ ಹೋಗಿದ್ದವು. ಅಲ್ಲಿ 8 ಟ್ರ್ಯಾಕಿನ ಟೇಪು ಸುತ್ತುತ್ತಿತ್ತು.

ಬೀದಿಯಲ್ಲಿದ್ದವರಿಗೆ ಏನೂ ಕಾಣುತ್ತಿರಲಿಲ್ಲ. ಕತ್ತೆತ್ತಿದರೆ ಬರೀ ಗೋಡೆ, ಮೇಲೆ ಬೂದುಬಣ್ಣದ ಆಕಾಶ. ಕೇಳಿಸುತ್ತಿತ್ತು, ಅಷ್ಟೇ. ಬಾನುಲಿ ಕೇಳುವವರ ಹಾಗೆ ಅಲ್ವಾ? ಅಕ್ಕಪಕ್ಕದ ಆಫೀಸಿನವರು ತಮ್ಮ ತಮ್ಮ ಚಾವಣಿ ಹತ್ತಿದರು. ಕೆಲವರು ಖುಷಿಪಟ್ಟರು, ಕೆಲವರು ಕೆಲಸ ಕೆಟ್ಟಿತೆಂದು ಬೈದರು. ನಿದ್ದೆ ಕೆಟ್ಟಿತು ಎಂದು ಒಬ್ಬ ಹೆಂಗಸು ಸಿಡುಕಿದ್ದು ಕ್ಯಾಮೆರಾದಲ್ಲಿ ಉಳಿದಿದೆ. ಇದು ಮುಂದೆ ವರ್ಷ ವರ್ಷ ನೆನೆಯುವ ದಿನವಾಗುತ್ತದೆ ಎಂದು ಆಕೆಗೆ ಹೇಗೆ ಗೊತ್ತಾಗಬೇಕು?

ಬೆಂಗಳೂರಿನ ರಾಕ್ ಪ್ರಿಯರಿಗೂ ಇಂಥ ತಾರೀಕುಗಳು ಬಾಯಿಪಾಠ. ಅರಮನೆ ಮೈದಾನಕ್ಕೆ 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಬಂದಿತ್ತು, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಆದರೆ ಅಲ್ಲಿಗೆ ಹೋದವರು ಇದು ದೊಡ್ಡ ದಿನ ಎಂದು ಗೊತ್ತಿದ್ದೇ ಟಿಕೆಟ್ ಕೊಂಡು ಹೋದವರು. ಸ್ಯಾವಿಲ್ ರೋದಲ್ಲಿ ನಿಂತವರು ಊಟಕ್ಕೆ ಹೊರಟವರು.

ಟೆರೇಸ್ ಮೇಲೆ ಐದು ಹಾಡುಗಳನ್ನೇ ತಿರುಗಿಸಿ ಮುರುಗಿಸಿ ಹಾಡಿದರು. ಅದರಲ್ಲಿ ನನಗೆ ಬೇಕಾದದ್ದು ಒಂದೇ, 'ಒನ್ ಆಫ್ಟರ್ 909'. ರೈಲಿನ ಹಾಡು. ಜಾನ್ ಮತ್ತು ಪಾಲ್ ಮೆಕಾರ್ಟ್ನಿ ಹದಿಹರೆಯದ ಹುಡುಗರಾಗಿದ್ದಾಗ ಕಟ್ಟಿದ್ದು. ಅದನ್ನು ಹಾಡುವಾಗ ಇಬ್ಬರ ಮುಖ ನೋಡಬೇಕು. ಕಂಪನಿ, ವಕೀಲರು, ಜಗಳ ಯಾವುದೂ ನೆನಪಿದ್ದ ಹಾಗೆ ಕಾಣುವುದಿಲ್ಲ.

ಆ ಹುಡುಗರು ಮೊದಲು ಭೇಟಿಯಾಗಿದ್ದು 1957ರ ಜುಲೈ 6ರಂದು, ಲಿವರ್‌ಪೂಲಿನ ವುಲ್ಟನ್ ಎಂಬಲ್ಲಿ ಚರ್ಚಿನ ಜಾತ್ರೆಯಲ್ಲಿ. ಜಾನ್‌ಗೆ 16, ಪಾಲ್‌ಗೆ 15. ಆ ಸಂಜೆ ಜಾನ್ ಹಾಡಿದ್ದನ್ನು ಸುಮ್ನೆ ಯಾರೋ ಒಬ್ಬರು ಟೇಪ್ ಮಾಡಿಟ್ಟಿದ್ದರು. 1994ರಲ್ಲಿ ಆ ಟೇಪು ಹರಾಜಿನಲ್ಲಿ 78,500 ಪೌಂಡಿಗೆ ಹೋಯಿತು. ಭೇಟಿಯಾದ ಮರು ವರ್ಷ, 1958ರಲ್ಲಿ, ಈ ಹುಡುಗರು ಕೈಯಿಂದ ದುಡ್ಡು ಕೊಟ್ಟು ಮೊದಲ ಡಿಸ್ಕ್ ಮಾಡಿಸಿದಾಗ ಹಾಡಿದ್ದು ಅಮೆರಿಕದ ರಾಕ್ ಗಾಯಕ ಬಡ್ಡಿ ಹಾಲಿಯ ಹಾಡು. ಅವರ ಪಾಲಿನ ದೇವರು ಆತ. 1959ರ ಫೆಬ್ರವರಿ 3ರಂದು ಅಮೆರಿಕದ ಅಯೋವಾದಲ್ಲಿ ವಿಮಾನ ಬಿದ್ದು ಬಡ್ಡಿ ಹಾಲಿ ತೀರಿಕೊಂಡ. 22 ವರ್ಷ. ಜೊತೆಯಲ್ಲಿದ್ದ ಗಾಯಕ ರಿಚಿ ವ್ಯಾಲೆನ್ಸ್‌ಗೆ ಬರೀ 17. ರಾಕ್ ಸಂಗೀತದ ಪಂಚಾಂಗದಲ್ಲಿ ಟೆರೇಸ್ ದಿನ ಕಳೆದು ನಾಲ್ಕೇ ದಿನಕ್ಕೆ ಬರುವ ದುಃಖದ ದಿನ ಅದು.

ಈಗೀಗ ಈ ಪಂಚಾಂಗವನ್ನು ವ್ಯಾಪಾರಿಗಳು ಅಭಿಮಾನಿಗಳಿಗಿಂತ ಜಾಸ್ತಿ ನೆನಪಿಟ್ಟುಕೊಳ್ಳುತ್ತಾರೆ. 50 ವರ್ಷ ತುಂಬಿದರೆ ಹಳೆಯ ಹಾಡಿಗೆ ಹೊಸ ಡಬ್ಬಿ, ಹೊಸ ಬೆಲೆ. ಟೆರೇಸ್ ಕಾರ್ಯಕ್ರಮಕ್ಕೆ ಸರಿಯಾಗಿ 50 ತುಂಬಿದ ದಿನ, 2019ರ ಜನವರಿ 30ರಂದೇ, ಆ ಜನವರಿಯ ಬಗ್ಗೆ ನಿರ್ದೇಶಕ ಪೀಟರ್ ಜಾಕ್ಸನ್‌ರ ಹೊಸ ಚಿತ್ರದ ಘೋಷಣೆ ಬಂತು. ನಾನು ಗೊಣಗಿದೆ. ಆದರೆ 2021ರಲ್ಲಿ ಅದು ಬಂದಾಗ ಪೂರ್ತಿ ನೋಡಿದೆ. ಗೊಣಗಿದ್ದನ್ನು ಅರ್ಧ ವಾಪಸು ತೆಗೆದುಕೊಂಡಿದ್ದೇನೆ.

ಪೊಲೀಸರ ವಿಷಯ ಬಾಕಿ ಇದೆ. ಠಾಣೆ ದೂರವೇನಿರಲಿಲ್ಲ, ಅದೇ ಬೀದಿಯಲ್ಲಿ 27ನೇ ನಂಬರು. ದೂರು ಹೋಯಿತು, ಎಳೆಯ ಕಾನ್‌ಸ್ಟೇಬಲ್‌ಗಳು ಬಂದರು. ಕೆಳಗೆ ಆಪಲ್‌ನವರು ಅವರನ್ನು ಮಾತಿನಲ್ಲಿ ಆದಷ್ಟು ಹೊತ್ತು ಕೂಡಿಹಾಕಿದರು. ಕೊನೆಗೆ ಪೊಲೀಸರು ಮೇಲೆ ಹತ್ತಿಯೇ ಬಂದರು. ತಂಡದ ಸಹಾಯಕ ಹೆದರಿ ಆಂಪ್ಲಿಫೈಯರ್ ಆಫ್ ಮಾಡಿದ. ಆಗ ಅದನ್ನು ಮತ್ತೆ ಆನ್ ಮಾಡಿದ್ದು ಯಾರು ಗೊತ್ತೇ? 20 ದಿನದ ಹಿಂದೆ ತಂಡವೇ ಬೇಡ ಎಂದು ಎದ್ದು ಹೋಗಿದ್ದ ಜಾರ್ಜ್. ಪೊಲೀಸರು ನಿಂತಿದ್ದಂತೆಯೇ ಕೊನೆಯ ಹಾಡು ಮುಗಿಯಿತು. ತಮ್ಮನ್ನು ದರದರ ಎಳೆದುಕೊಂಡು ಹೋಗಿದ್ದರೆ ಸಿನಿಮಾಕ್ಕೆ ಚೆನ್ನಾಗಿರುತ್ತಿತ್ತು ಎಂದು ರಿಂಗೋ ಆಮೇಲೆ ಬೇಸರಪಟ್ಟಿದ್ದುಂಟು.

ಮುಗಿದ ಮೇಲೆ ಜಾನ್ ಮೈಕಿನಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಆಡಿಷನ್ನಿನಲ್ಲಿ ನಾವು ಪಾಸಾಗಿದ್ದೇವೆ ಎಂದು ಆಶಿಸುತ್ತೇನೆ ಎಂದ. ಎಲ್ಲರೂ ನಕ್ಕರು. ಆ ತಮಾಷೆಗೂ ಹಿಂದೆ ಒಂದು ತಾರೀಕು ಇದೆ. 1962ರ ಜನವರಿ 1. ಲಿವರ್‌ಪೂಲಿನಿಂದ ಹಿಮದಲ್ಲಿ ವ್ಯಾನಿನಲ್ಲಿ ಬಂದು, ಲಂಡನ್ನಿನ ಡೆಕ್ಕಾ ರೆಕಾರ್ಡ್ ಕಂಪನಿಯಲ್ಲಿ ಆಡಿಷನ್‌ಗೆ 15 ಹಾಡು ಹಾಡಿದ್ದರು. ರಿಂಗೋ ಆಗಿನ್ನೂ ತಂಡಕ್ಕೆ ಬಂದಿರಲಿಲ್ಲ. ಡೆಕ್ಕಾದವರು ಬೇಡ ಎಂದಿದ್ದರು.

ಇಷ್ಟೆಲ್ಲ ಆಗಿದ್ದು 42 ನಿಮಿಷದಲ್ಲಿ. ಜನರೆದುರು ನಾಲ್ವರೂ ಸೇರಿ ಹಾಡಿದ್ದು ಅದೇ ಕೊನೆ. ಆದರೆ ಇದು ಕೊನೆ ಎಂದು ಅಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಗಿಟಾರ್ ಇಳಿಸಿಟ್ಟು, ಚಳಿಗೆ ಮರಗಟ್ಟಿದ ಬೆರಳು ಉಜ್ಜಿಕೊಂಡು ಕೆಳಗಿಳಿದು ಬಂದರು. ನೆಲಮಾಳಿಗೆಯಲ್ಲಿ ಕೂತು ಟೇಪು ಹಾಕಿಸಿ ಕೇಳಿದರು. ಉಳಿದ ಹಾಡುಗಳಿಗೆ ಮರುದಿನ ಬರೋಣ ಎಂದುಕೊಂಡರು. ಮರುದಿನ ಬಂದರು ಕೂಡ.

ನಮಸ್ಕಾರ.