ಎಣ್ಣೆಯ ಕೆಳಗಿನ ನೀರು

ರೇಡಿಯೋ ಕೇಳುಗರಿಗೆ ನಮಸ್ಕಾರ. ನನಗೆ ಸಿಕ್ಕಿರೋದು ಕೆಲವೇ ನಿಮಿಷ. ಹಾಗಾಗಿ ಒಂದೇ ಮಾತು: ಎಣ್ಣೆ ಸಿಗುವ ನೆಲದಲ್ಲಿ ಎಣ್ಣೆಗಿಂತ ನೀರೇ ಜಾಸ್ತಿ.

ಕಚ್ಚಾ ಎಣ್ಣೆ ನೆಲದೊಳಗೆ ಕೆರೆಯ ಹಾಗೆ ತುಂಬಿರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲಿ ಕೆರೆಯೂ ಇಲ್ಲ, ಹೊಂಡವೂ ಇಲ್ಲ. ಇರೋದು ಮರಳುಗಲ್ಲಿನಂಥ ಕಲ್ಲು. ಅದರ ಸಂದಿ ಸಂದಿಯಲ್ಲೂ ಮೊದಲೇ ನೀರು ಕೂತಿರುತ್ತದೆ. ಆಳದಲ್ಲಿ ಬೆಂದು ಹುಟ್ಟಿದ ಎಣ್ಣೆ ಆ ನೀರನ್ನು ಸರಿಸುತ್ತಾ ಮೇಲೇರುತ್ತದೆ. ನೀರಿಗಿಂತ ಹಗುರ ಅಲ್ವಾ? ಮೇಲೆ ಜೇಡಿಗಲ್ಲಿನ ಮುಚ್ಚಳ ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಅದರ ಕೆಳಗೆ ಮತ್ತೆ ನೀರೇ.

ಕೆಲವು ವರ್ಷದ ಹಿಂದೆ ಶಹಾಪುರದ ಕಡೆಯಿಂದ ಒಬ್ಬ ರೈತರು ಫೋನ್ ಮಾಡಿದರು. "ಸರ್, ನಮ್ಮ ಬೋರ್‌ನಾಗ ಎಣ್ಣಿ ಬಂದದರೀ." ಬಸ್ಸು ಹತ್ತಿ ಹೋದೆ. ತೊಗರಿ ಹೊಲ. ತೊಟ್ಟಿಯಲ್ಲಿ ನಿಂತ ನೀರಿನ ಮೇಲೆ ನೀಲಿ, ನೇರಳೆ ಹೊಳೆಯುವ ಪೊರೆ. ಅರ್ಧ ಊರು ಅಲ್ಲೇ ನೆರೆದಿತ್ತು. ಒಬ್ಬ ಅಜ್ಜ ದೂರದಲ್ಲೇ ಬೀಡಿ ಆರಿಸಿ ಬಂದರು. ಪಕ್ಕದ ಹೊಲದವರು ಆಗಲೇ ಎಕರೆಗೆ ಲೆಕ್ಕ ಹಾಕುತ್ತಿದ್ದರು. ನಾನು ಒಂದು ತೊಗರಿ ಕಟ್ಟಿಗೆ ತಗೊಂಡು ಪೊರೆ ಕದಡಿದೆ. ಹಪ್ಪಳ ಮುರಿದ ಹಾಗೆ ಚೂರು ಚೂರಾಯಿತು. ಚೂರುಗಳು ಮತ್ತೆ ಕೂಡಲೇ ಇಲ್ಲ. ಎಣ್ಣೆಯಾಗಿದ್ದರೆ ಕಟ್ಟಿಗೆ ತೆಗೆದ ತಕ್ಷಣ ಕೂಡಿಕೊಳ್ಳುತ್ತಿತ್ತು. ಇದು ನೀರಿನಲ್ಲಿರುವ ಕಬ್ಬಿಣದಿಂದ ಬದುಕುವ ಬ್ಯಾಕ್ಟೀರಿಯಾದ ಪೊರೆ. ತೊಟ್ಟಿಯ ಗೋಡೆಗೆ ಕೆಂಪು ಗಸಿ ಬೇರೆ ಹತ್ತಿತ್ತು. ಜನ ಒಬ್ಬೊಬ್ಬರೇ ಕರಗಿದರು. ರೈತರ ಮುಖ ಸಣ್ಣದಾಯಿತು, ಆದರೂ ಚಹಾ ಕುಡಿಸಿದರು. ಆಗ ಅವರ ತಾಯಿ ಕೇಳಿದರು: "ಖರೇನೇ ಎಣ್ಣಿ ಬಂದಿದ್ರ ಕುಡಿಯೋ ನೀರಿಗಿ ಏನ್ ಮಾಡ್ತಿದ್ವಿ?"

ಅಷ್ಟು ಜನರಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅವರೊಬ್ಬರೇ.

ಎಣ್ಣೆಯ ಜೊತೆಗಿರುವ ನೀರು ಬಹಳ ಹಳೆಯದು, ಉಪ್ಪು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಈ ನೀರು ಎಷ್ಟೋ ಕಡೆ ಅದಕ್ಕಿಂತ ಎರಡು ಪಟ್ಟು, ಮೂರು ಪಟ್ಟು ಉಪ್ಪು. ಹೊಲಕ್ಕೆ ಬಿಟ್ಟರೆ ಹೊಲ ಮುಗೀತು. ಬಾವಿ ಹಳೆಯದಾದಷ್ಟೂ ಎಣ್ಣೆ ಕಡಿಮೆ, ನೀರು ಜಾಸ್ತಿ. ಆ ನೀರನ್ನು ಮತ್ತೆ ಕಲ್ಲಿನೊಳಗೇ ತಳ್ಳುತ್ತಾರೆ, ಅದು ಉಳಿದ ಎಣ್ಣೆಯನ್ನು ನೂಕುತ್ತದೆ.

ರಾಜಸ್ಥಾನದ ಬಾಡಮೇರಿನಲ್ಲಿ 2004ರಲ್ಲಿ ಮಂಗಳಾ ಅನ್ನುವ ಎಣ್ಣೆ ನಿಕ್ಷೇಪ ಸಿಕ್ಕಿತು. 2009ರಲ್ಲಿ ಎಣ್ಣೆ ತೆಗೆಯಲು ಶುರು ಮಾಡಿದರು. ಅಲ್ಲಿನ ಎಣ್ಣೆ ಚಳಿಗಾಲದ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ಅದಕ್ಕೆ ಬಿಸಿ ನೀರು ಬಿಡಬೇಕು. ಮರುಭೂಮಿಯಲ್ಲಿ ನೀರೆಲ್ಲಿ? ಥುಂಬ್ಲಿ ಅನ್ನುವಲ್ಲಿ ನೆಲದಡಿಯ ಉಪ್ಪುನೀರು ಎತ್ತಿ ಬಳಸಿದರು. ಸಿಹಿನೀರು ಕುಡಿಯಲು ಉಳಿಯಿತು. ನೋಡಿ, ಅಲ್ಲೂ ನೀರಿನದೇ ಲೆಕ್ಕ!

ನಮ್ಮಲ್ಲಿ ಎಣ್ಣೆ ಇದೆಯಾ ಅಂತ ಇನ್ನೂ ಕೇಳುತ್ತೀರಿ, ಗೊತ್ತು. ಎಣ್ಣೆ ಬೇಯಲು ಎರಡು ಮೂರು ಕಿಲೋಮೀಟರ್ ಆಳ ಬೇಕು. ನಮ್ಮ ಭೀಮಾ ನದಿ ಸೀಮೆಯ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪದರಗಳು ಒಟ್ಟು ಸೇರಿ ಸುಮಾರು 300 ಮೀಟರ್ ದಪ್ಪ, ಅಷ್ಟೇ. ಒಲೆಯೇ ಹತ್ತಿಲ್ಲ, ರೊಟ್ಟಿ ಎಲ್ಲಿಂದ?

ಬೀದರಿನ ಸುರಂಗ ಬಾವಿಯ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಆದರೆ ಸಮಯ ಮುಗೀತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ತೊಟ್ಟಿಯಲ್ಲಿ ಬಣ್ಣದ ಪೊರೆ ಕಂಡರೆ ನನಗೆ ಫೋನ್ ಮಾಡುವ ಮೊದಲು ಕಟ್ಟಿಗೆಯಿಂದ ಕದಡಿ ನೋಡಿ. ಮತ್ತೆ ಕೂಡಿಕೊಂಡರೆ ಮೋಟರಿನ ಎಣ್ಣೆ ಸೋರಿದೆ, ಮೆಕ್ಯಾನಿಕ್‌ನ ಕರೆಯಿರಿ. ನಮಸ್ಕಾರ.